ಗೋಪುರದ ಬಿಳಿಗೆರೆ

ಬೆಳಗಿನ ಆರು ಗಂಟೆ. ಮಾದರಿ ತಯಾರಿಸುವ ಅಂಗಡಿಯ ಹಿಂಗೋಣೆಯಲ್ಲಿ ಇರುವ ಒಂದೇ ಕಿಟಕಿಯ ಮುಂದೆ ಅಂಚಕ್ಕ ಉಸಿರು ಬಿಗಿಹಿಡಿದು ಕೂತಿದ್ದಾರೆ. ಎದುರಿಗೆ ಮೊಣಕೈಯುದ್ದದ ಗಡಿಯಾರ ಗೋಪುರ, ಪೂರ್ತಿ ಕಾಗದದ್ದು. ಗಡಿಯಾರದ ಕೆಳಗಿನ ಬಾಲ್ಕನಿಯಲ್ಲಿ ಕೂದಲೆಳೆಯಷ್ಟು ಬಿಳಿಗೆರೆ.

ದಪ್ಪ ಕಾಗದದ ಮೇಲೆ ಗೋಡೆಯ ಬಣ್ಣ ಅಚ್ಚಾಗಿರುತ್ತದೆ, ಕತ್ತರಿಸಿದರೆ ಒಳಗಿನ ಬಿಳುಪು ಹೊರಬೀಳುತ್ತದೆ. ಪ್ರತಿ ತುಂಡಿನ ಅಂಚಿಗೂ ಬಣ್ಣ ಹಚ್ಚಿದ ಮೇಲೆಯೇ ಅಂಟಿಸಬೇಕು. ಈ ಗೋಪುರದಲ್ಲಿ ಅಂಥ ಅಂಚುಗಳು ಆರುನೂರ ಮೂವತ್ತೆಂಟು. ನಿನ್ನೆ ಸಂಜೆ, ಇಲ್ಲೇ ಅಂಟಿಸುವ ಕೆಲಸ ಮಾಡುವ ಅವರ ಮೈದುನ ಬಾಲ್ಕನಿಯ ತುಂಡನ್ನು ಅತ್ತಿಗೆಯ ಕೈ ದಾಟಿಸದೆ ಅಂಟಿಸಿಬಿಟ್ಟಿದ್ದಾನೆ. ಈಗ ಕುಂಚ ತೂರಿಸಲು ಇರುವುದು ಬೆಂಕಿಕಡ್ಡಿಯಷ್ಟು ಸಂದು.

"ಅತ್ತಿಗೆ, ತಪ್ಪಾಯ್ತು ಅಂತ ಹತ್ತು ಸಲ ಹೇಳಿದೀನಿ."

"ಹನ್ನೊಂದನೇ ಸಲ ಹೇಳ್ಬೇಡ. ನೀನು ಬಾಯಿಬಿಟ್ರೆ ಮೇಜು ಅಲ್ಲಾಡುತ್ತೆ."

ಕೊಳ್ಳುವವರು ವಸ್ತುಸಂಗ್ರಹಾಲಯದ ಮೇಲ್ವಿಚಾರಕರು. ಬರುವುದು ಒಂಬತ್ತಕ್ಕೆ. ಹಿಂದಿನ ಮಾದರಿಯನ್ನು ಇಂಥದೇ ಒಂದು ಗೆರೆ ತೋರಿಸಿ ವಾಪಸು ಕಳಿಸಿದ ಮಹಾನುಭಾವರು. ಇದೂ ಮರಳಿ ಬಂದರೆ, ಒಳಗೂ ಬಣ್ಣವಿರುವ ಕಾಗದವನ್ನೇ ತರಿಸುವುದಾಗಿ ಅಂಗಡಿಯ ಯಜಮಾನರು ಹೇಳಿಯಾಗಿದೆ. ಆಮೇಲೆ ಅಂಚಕ್ಕನಿಗೆ ಕೆಲಸವಿಲ್ಲ. ಆ ಕಾಗದದ ನಮೂನೆಯ ಕಟ್ಟು ಆಗಲೇ ಅವರ ಕಾಲ ಬಳಿಯೇ ಬಂದು ಕೂತಿದೆ.

ಹತ್ತೊಂಬತ್ತು ವರ್ಷದ ಹಿಂದೆ ಇಲ್ಲಿ ಕಾಗದದ ಚೂರು ಗುಡಿಸಲು ಬಂದವರು ಇವರು. "ಗುಡಿಸ್ತಾ ಗುಡಿಸ್ತಾ, 'ಬಿಳಿ ಕಾಣ್ತಿದೆಯಲ್ಲ' ಅಂದೆ. ಸುಮ್ನಿರಬಾರದಿತ್ತಾ? ಕುಂಚ ಕೈಗೆ ಕೊಟ್ರು." ಈಗ ದಿನಕ್ಕೆ ನಾನೂರು ಅಂಚು. ಕತ್ತು ತಿರುಗಿಸಬೇಕಾದರೆ ಇಡೀ ಮೈಯೇ ತಿರುಗಬೇಕು. ಕುಂಚದ ಹೆಚ್ಚಿನ ನೀರನ್ನು ಎಡಗೈ ಹಿಂಬದಿಗೆ ಒರೆಸುವುದರಿಂದ, ಆ ಕೈ ಸದಾ ಯಾವುದಾದರೊಂದು ಕಟ್ಟಡದ ಬಣ್ಣದಲ್ಲಿರುತ್ತದೆ. ದೀಪದ ಬೆಳಕಿಗೆ ಬಣ್ಣ ಸುಳ್ಳು ಹೇಳುತ್ತದೆಂದು ಬೆಳಗಾಗುತ್ತಲೇ ಬರುತ್ತಾರೆ. ಎಂಟಕ್ಕೆ ಕಾಗದ ಕತ್ತರಿಸುವ ಯಂತ್ರ ಶುರುವಾದರೆ ಕಿಟಕಿಯ ಮುಂದಿನ ಜಾಗ ಅದರ ಪಾಲು.

ಕುಂಚದ ತುದಿಯಲ್ಲಿ ಹನಿಯೊಂದು ಊದಿಕೊಳ್ಳುತ್ತದೆ. ಗೋಡೆಗೆ ಬಿದ್ದರೆ ಗೋಪುರ ಕೆಟ್ಟಂತೆಯೇ. ಅಂಚಕ್ಕ ಕುಂಚವನ್ನು ಮೆಲ್ಲನೆ ಹಿಂದೆಗೆದು ಹನಿಯನ್ನು ತುಟಿಯಲ್ಲೇ ಹೀರುತ್ತಾರೆ. "ಬೂದು ಪರವಾಗಿಲ್ಲ. ನೀಲಿ ಕಹಿ."

ಎಂಟಕ್ಕೆ ಹತ್ತು ನಿಮಿಷವಿರುವಾಗ ಗೆರೆ ಮಾಯ.

ಒಂಬತ್ತಕ್ಕೆ ಮೇಲ್ವಿಚಾರಕರು ಬರುತ್ತಾರೆ. ಭೂತಗನ್ನಡಿ ಹಿಡಿದು ಬಾಲ್ಕನಿಯ ಮುಂದೆ ಬಾಗಿದವರು ಬೇಗ ಏಳುವುದಿಲ್ಲ. ಮೈದುನ ಗೋಡೆ ನೋಡುತ್ತಾನೆ.

"ಹಚ್ಚಿದ ಹಾಗೇ ಇಲ್ವಲ್ಲ," ಎನ್ನುತ್ತಾರೆ ಕೊನೆಗೆ. "ಒಳಗೂ ಬಣ್ಣ ಇರೋ ಕಾಗದ ತಂದ್ರಾ? ಮುಂದೂ ಇದೇ ಕಾಗದ ಇರಲಿ ಬಿಡಿ."

ಯಜಮಾನರ ಕಣ್ಣು ನೆಲದ ಕಟ್ಟಿನತ್ತ ಹೊರಳುತ್ತದೆ. ಅಂಚಕ್ಕ ಗೋಪುರವನ್ನು ವಾಲಿಸಿ, ಬುಡದ ಅಂಚನ್ನು ಉಗುರಿನಿಂದ ಗೀರುತ್ತಾರೆ. ಅಚ್ಚ ಬಿಳುಪು.

"ಒಳಗೆ ಬಿಳೀನೇ ಸಾರ್."

ಮೇಲ್ವಿಚಾರಕರು ಗೀರನ್ನೂ ಅವರ ಬೂದುಗೈಯನ್ನೂ ನೋಡುತ್ತಾರೆ. "ಹಾಗಾದ್ರೆ ನಾವು ಹೇಳಿರೋ ಉಳಿದ ಮೂರು ಮಾದರೀನೂ ಇವರ ಕೈಲೇ ಆಗ್ಲಿ."

ಮೈದುನ ಬಿಟ್ಟ ಉಸಿರಿಗೆ ಮೇಜು ನಿಜವಾಗಿಯೂ ಅಲ್ಲಾಡುತ್ತದೆ. ನಮೂನೆಯ ಕಟ್ಟನ್ನು ಯಜಮಾನರೇ ಎತ್ತಿ ಅಟ್ಟಕ್ಕೆ ಹಾಕುತ್ತಾರೆ.

ಇನ್ನೇನು ಬೇಕು ಎಂದು ಯಜಮಾನರು ಕೇಳಿದರೆ, ಗೀರಿದ ಅಂಚಿಗೆ ಬಣ್ಣ ಹಚ್ಚುತ್ತಲೇ ಅಂಚಕ್ಕ ಯಂತ್ರದ ಕಡೆ ಗದ್ದ ಎತ್ತುತ್ತಾರೆ.

"ಅದಕ್ಕೇನು ಕಣ್ಣಿದೆಯಾ? ಕಿಟಕಿ ನನಗೆ ಬಿಟ್ಟುಕೊಟ್ರೆ ಸಾಕು."