ಸರ್ವರಿಗೆ ಇಲ್ಲದ ಕಿಟಕಿ

ಸಾಬೂನು ಕಾರ್ಖಾನೆಯ ಸೈರನ್ ಒತ್ತುವ ಮಹಾನುಭಾವರನ್ನು ಎಲ್ಲರೂ ಕೂಗುರಾಯರು ಎನ್ನುತ್ತಿದ್ದರು. ಬೆಳಗ್ಗೆ ಎಂಟಾಗುವುದು ಸೂರ್ಯನಿಂದಲ್ಲ, ತಮ್ಮ ಹೆಬ್ಬೆರಳಿನಿಂದ ಎಂದು ರಾಯರು ಮನಸಾರೆ ನಂಬಿದ್ದರು. ವಾಚನ್ನು ಕಣ್ಣಿನ ಮಟ್ಟಕ್ಕೆತ್ತಿ, ಹುಬ್ಬು ಗಂಟಿಕ್ಕಿ ಗುಂಡಿ ಒತ್ತಿದರೆಂದರೆ ಗೇಟು ದಢಾರನೆ ಮುಚ್ಚಬೇಕು, ಬಾಯ್ಲರು ಬುಸುಗುಟ್ಟಬೇಕು, ಮ್ಯಾನೇಜರ್ ಕೂಡ ತಮ್ಮ ವಾಚಿನ ಕಿವಿ ಹಿಂಡಿ ಸರಿಮಾಡಿಕೊಳ್ಳಬೇಕು.

ಈ ಸಾಮ್ರಾಜ್ಯದ ಮೇಲೆ ದಂಡೆತ್ತಿ ಬಂದವನು ಪರಕೀಯನಲ್ಲ, ಸ್ವಂತ ಷಡ್ಡಕ. ಹೆಂಡತಿಯ ತಂಗಿಯ ಗಂಡ. ಅವನ ಸೈನ್ಯವೆಂದರೆ ಅಂಗೈಯಗಲದ ಹಸಿರು ಸರ್ಕ್ಯೂಟ್ ಬೋರ್ಡು, ಹತ್ತಿಪ್ಪತ್ತು ಸಾಲು ಕಂಪ್ಯೂಟರ್ ಕೋಡು.

"ಇದು ನೆಟ್‌ವರ್ಕಲ್ಲಿ ಟೈಮ್ ಸರ್ವರನ್ನ ಕೇಳತ್ತೆ ಅಣ್ಣಾ. ಅದು ಇಡೀ ಪ್ರಪಂಚಕ್ಕೆ ಒಂದೇ ಟೈಮ್ ಹೇಳತ್ತೆ. ಅದಕ್ಕೂ ನಮ್ಮೂರಿನ ಟೈಮಿಗೂ ಇರೋ ವ್ಯತ್ಯಾಸವನ್ನ ಈ ಸಾಲಲ್ಲಿ ಕೂಡಿಸಿದ್ದೀನಿ. ಎಂಟಾಯ್ತೋ, ಸೈರನ್ ತಾನೇ ಕೂಗತ್ತೆ."

"ನಿನ್ನ ಸರ್ವರಿಗೆ ಕಿಟಕಿ ಇದೆಯೇನಯ್ಯಾ?"

"ಅದಕ್ಯಾಕೆ ಕಿಟಕಿ?"

ರಾಯರು ಕಿಟಕಿಯತ್ತ ತಿರುಗಿ ವಾಚಿನ ಗಾಜು ಒರೆಸತೊಡಗಿದರು.

ಮನೆಯಲ್ಲಿ ಹೆಂಡತಿಯ ಹೊಗಳಿಕೆ ಬೇರೆ. "ನನ್ನ ತಂಗಿ ಗಂಡನ ತಲೆ ನೋಡ್ರೀ! ಟೈಮನ್ನ ಗಾಳೀಲೇ ತರಿಸ್ತಾನೆ. ನೀವು, ಅಂಗಡಿಯಿಂದ ಉಪ್ಪು ತನ್ನಿ ಅಂದ್ರೆ ಸಕ್ಕರೆ ತರ್ತೀರಿ."

ರಾಯರ ಹೊಟ್ಟೆಯಲ್ಲಿ ಬಾಯ್ಲರು ಹೊತ್ತಿಕೊಂಡಿತು. ಷಡ್ಡಕನ ಮೇಲೆ ಹೊಟ್ಟೆ ಉರಿಯುವುದು ಲೋಕರೂಢಿ. ಮುಖ ಮೂತಿ ಇಲ್ಲದ ಸರ್ವರಿನ ಮೇಲೂ ಕರುಬಿದ ಕೀರ್ತಿ ಮಾತ್ರ ರಾಯರದೇ.

ಹೆಂಡತಿ ಅದೇ ಕಾರ್ಖಾನೆಯ ಪ್ಯಾಕಿಂಗಿನವರು. "ನಾನು ಗೇಟು ದಾಟಿದ ಮೇಲೇ ಸೈರನ್, ಒಂದು ದಿನವೂ ತಡ ಇಲ್ಲ" ಎಂದು ಓರಗಿತ್ತಿಯರೆದುರು ಕೊಚ್ಚಿಕೊಳ್ಳುತ್ತಿದ್ದರು. ಮಾತು ಅಕ್ಷರಶಃ ನಿಜ. ವಾಚು ನೋಡುವುದೆಲ್ಲ ಬರೀ ನಾಟಕ. ಕಿಟಕಿಯಾಚೆ ಹಳದಿ ಕೊಡೆಯೊಂದು ತಿರುವಿನಲ್ಲಿ ಕಂಡು, ಓಡೋಡಿ ಗೇಟು ದಾಟುವವರೆಗೆ ರಾಯರ ಹೆಬ್ಬೆರಳು ಅಲುಗುತ್ತಿರಲಿಲ್ಲ. ಇದು ಹೆಂಡತಿಗೇ ಗೊತ್ತಿರಲಿಲ್ಲ.

ಮರುದಿನ ಸೈರನ್ ತಾನಾಗಿ ಕೂಗಿತು. ಕೊಡೆ ಇನ್ನೂ ತಿರುವಿನಲ್ಲೇ ಇತ್ತು. ಗೇಟು ಹೆಂಡತಿಯ ಮೂಗಿನೆದುರೇ ಮುಚ್ಚಿತು. ಅರ್ಧ ದಿನದ ಸಂಬಳ ಗೋತಾ.

ಮಧ್ಯಾಹ್ನ ಒಳಬಂದವರೇ ಷಡ್ಡಕನ ಮೇಲೆ ಎರಗಿದರು. "ಏನಪ್ಪಾ ನಿನ್ನ ಮಿಷನ್ನು ಹೀಗೆ ಓಡ್ತಿದೆ? ನಮ್ಮೆಜಮಾನ್ರ ವಾಚು ಒಂದು ದಿನವಾದರೂ ನನಗೆ ಹೀಗೆ ಮಾಡಿತ್ತಾ?"

ರಾಯರಿಗೆ ಸ್ವರ್ಗ ಮೂರೇ ಗೇಣು.

"ಅಕ್ಕಾ, ಸರ್ವರ್ ತಪ್ಪಲ್ಲ. ಅಣ್ಣನ ವಾಚೇ ಹಿಂದಿರಬೇಕು. ಎರಡನ್ನೂ ಪಕ್ಕದಲ್ಲಿಟ್ಟು ನೋಡೋಣ, ಬನ್ನಿ."

ಸ್ವರ್ಗ ಅಲ್ಲಿಗೇ ಮುಗಿಯಿತು. ವಾಚು ಸರಿಯಾಗಿಯೇ ಇತ್ತು, ಅದೇ ಆಪತ್ತು! ವಾಚು ಸರಿ ಎಂದಾದರೆ ಸೈರನ್ ದಿನಾ ಯಾರಿಗಾಗಿ ಕಾಯುತ್ತಿತ್ತು ಎಂಬುದು ಬಯಲಾಗುತ್ತಿತ್ತು. ರಾಯರು ಷಡ್ಡಕನ ತೋಳು ಹಿಡಿದು ಸಾಬೂನಿನ ಪೆಟ್ಟಿಗೆಗಳ ಹಿಂದಕ್ಕೆ ದರದರನೆ ಎಳೆದೊಯ್ದು, ಕಿಟಕಿ, ಕೊಡೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದರು.

"ಆ ವ್ಯತ್ಯಾಸದ ಸಾಲಿದೆಯಲ್ಲ, ಅದರಲ್ಲಿ ಐದು ನಿಮಿಷ ಕಡಿಮೆ ಮಾಡಯ್ಯಾ."

"ಸುಳ್ಳು ಟೈಮ್ ಆಗತ್ತಲ್ಲಣ್ಣಾ!"

"ಸರಿ ಹಾಗಾದ್ರೆ. 'ಅಕ್ಕಾ, ಇಷ್ಟು ವರ್ಷ ನೀವು ದಿನಾ ತಡ' ಅಂತ ನಿಮ್ಮಕ್ಕನಿಗೆ ನೀನೇ ಹೋಗಿ ಹೇಳು."

ಷಡ್ಡಕನೂ ಅದೇ ಮನೆಯ ಹೆಣ್ಣನ್ನು ತಂದವನು. ಬೆರಳುಗಳು ತಾವಾಗಿಯೇ ಕೀಬೋರ್ಡಿಗೆ ಹೋದವು.

ಮರುದಿನ ಹಳದಿ ಕೊಡೆ ಗೇಟು ದಾಟಿತು, ಆಮೇಲೆ ಸೈರನ್ ಕೂಗಿತು. ಸಂಜೆ ಹೆಂಡತಿ ಕೇಳಿದರು: "ನಿಮ್ಮ ವಾಚು ನೋಡಿಕೊಂಡು ಸರ್ವರನ್ನೇ ತಿದ್ದಿದನಂತೆ, ಹೌದೇನ್ರೀ?"

ರಾಯರು ಮಣಿಕಟ್ಟನ್ನು ಕಣ್ಣಿನ ಮಟ್ಟಕ್ಕೆತ್ತಿದರು.

"ಪಾಪ, ಅದು ಹೊಸದು ಕಣೇ. ಕಲಿಯತ್ತೆ ಬಿಡು."