ಕುಂದು ನನ್ನದು ಎಂದ ಕಾಮಣ್ಣ

ಚಪಳಗಾಂವದ ಕಾಮಣ್ಣನಿಗೆ ಟಗರಿನ ಹುಚ್ಚು. ೧೯೫೪ರಲ್ಲಿ ಅವನು ಹುಲಜಂತಿಯಿಂದ ತಂದ ಕರಿ ಟಗರನ್ನು ನೋಡಲೆಂದೇ ಸುತ್ತಲಿನ ಕುರುಬರು ಬರುತ್ತಿದ್ದರು. ಎತ್ತರದ ನಿಲುವು, ಅಗಲ ಎದೆ. ಆದರೆ ವರ್ಷ ಕಳೆದರೂ ಹಿಂಡಿನಲ್ಲಿ ಒಂದು ಕುರಿಯೂ ಗಬ್ಬವಾಗಲಿಲ್ಲ.

"ಕುರಿ ಬಂಜಿ ಬಿದ್ದಾವ, ಮಾರಿಬಿಡು," ಎಂದಳು ತಾಯಿ ಮುಕ್ತಾಬಾಯಿ. ಸೊಸೆ ಸೋಮವ್ವನನ್ನೂ ಅವಳು ಬಂಜೆಯೆಂದೇ ಅನ್ನುತ್ತಿದ್ದಳು. ಮದುವೆಯಾಗಿ ಏಳು ವರ್ಷವಾದರೂ ಮಕ್ಕಳಿಲ್ಲವೆಂದು ಮಗನಿಗೆ ಎರಡನೆಯ ಹೆಣ್ಣು ಹುಡುಕುತ್ತಿದ್ದಳು.

ಕಾಮಣ್ಣ ಕುರಿ ಮಾರಲಿಲ್ಲ. ಟಗರನ್ನು ಅಕ್ಕಲಕೋಟೆಯ ದನದ ಡಾಕ್ಟರು ಶಾಂತಪ್ಪನವರಿಗೆ ತೋರಿಸಿದ. ಅವರು ಮುಟ್ಟಿ ನೋಡಿ, "ಬೀಜ ಸರಿಯಾಗಿ ಬೆಳದೇ ಇಲ್ಲ. ಇದರ ಒಡಹುಟ್ಟಿದವು ಹ್ಯಾಂಗದಾವ, ವಿಚಾರಿಸು," ಎಂದರು.

ಕಾಮಣ್ಣ ಹುಲಜಂತಿಗೆ ಹೋದ. ಟಗರು ಕೊಟ್ಟ ಹುಲೆಪ್ಪ, "ಅದೇ ಕುರಿಯ ಇನ್ನೊಂದು ಗಂಡುಮರಿ ಮರವಡಿ ಊರಿಗೆ ಹೋಗೇದಪಾ. ಅದರಿಂದನೂ ಮರಿ ಆಗಿಲ್ಲಂತ," ಎಂದ.

ಶಾಂತಪ್ಪನವರು ಇದನ್ನು ಕೇಳಿ ತಲೆದೂಗಿದರು. "ಇದು ತಳಿಯಾಗ ಬಂದದ್ದು. ತಾಯಿಯೊಳಗ ಇರತದ, ಆದರ ಕಾಣೂದಿಲ್ಲ. ಗಂಡುಮರಿಗೆ ಬಂದಾಗ ಕಾಣತದ. ಇದಕ್ಕ ಔಷಧ ಇಲ್ಲ."

ಕಾಮಣ್ಣ ದನಿ ತಗ್ಗಿಸಿ ಕೇಳಿದ: "ಮನಶ್ಯಾರಿಗೂ ಹಿಂಗ ಆಗತದೇನ್ರಿ?"

"ಆಗತದ. ಸೊಲ್ಲಾಪುರದ ದವಾಖಾನ್ಯಾಗ ತೋರಿಸು."

ಸೋಮವ್ವನನ್ನು ಕರೆದುಕೊಂಡೇ ಹೋದ. ಪರೀಕ್ಷೆ ಮಾಡಿದ ಡಾಕ್ಟರು, ಅವನ ವೀರ್ಯದಲ್ಲಿ ಜೀವಾಣುಗಳೇ ಇಲ್ಲ, ಇದು ಹುಟ್ಟಿನಿಂದಲೇ ಬಂದಿರಬೇಕು ಎಂದರು. ಮರಳುವಾಗ ಮೋಟಾರಿನಲ್ಲಿ ಕಾಮಣ್ಣ ಕಿಟಕಿಯತ್ತ ಮುಖ ತಿರುಗಿಸಿ ಕೂತ. ಸೋಮವ್ವ ಬುತ್ತಿ ಬಿಚ್ಚಿ, "ನಾ ಎಲ್ಲಿಗೂ ಹೋಗಂಗಿಲ್ರಿ. ಮೊದಲ ರೊಟ್ಟಿ ತಿನ್ರಿ," ಎಂದಳು.

ಮರುವಾರ ಮುಕ್ತಾಬಾಯಿ ಗೊತ್ತು ಮಾಡಿದ್ದ ಹೊಸ ಹೆಣ್ಣಿನ ತಂದೆ ಬಂದ. ಹಿರಿಯರೆಲ್ಲ ಅಂಗಳದಲ್ಲಿ ಕೂತಿದ್ದರು. ಕಾಮಣ್ಣ ಎದ್ದು ನಿಂತು ಕೈಮುಗಿದ.

"ನಿಮ್ಮ ಮಗಳ ಬಾಳು ಹಾಳ ಮಾಡೂದು ಬ್ಯಾಡ್ರಿ. ಕುಂದು ನನ್ನದು. ಸೋಮವ್ವಂದಲ್ಲ."

ಗಂಡಸಾದವನು ನಾಲ್ಕು ಜನರೆದುರು ಇಂಥ ಮಾತು ಆಡಿದ್ದನ್ನು ಆ ಊರು ಕೇಳಿರಲಿಲ್ಲ. ಯಾರೋ ನಕ್ಕರು. ಹೆಣ್ಣಿನ ತಂದೆ ಮಾತ್ರ ನಗಲಿಲ್ಲ. ಕಾಮಣ್ಣನ ಕೈ ಹಿಡಿದು, "ದೊಡ್ಡ ಮನಸು ನಿಂದು," ಎಂದು ಹೊರಟುಹೋದ.

"ಮಾನ ಕಳದ್ಯಲ್ಲೋ!" ಎಂದು ಮುಕ್ತಾಬಾಯಿ ಕೂಗಾಡಿದಳು. ಕಾಮಣ್ಣ ಅವಳ ಪಕ್ಕದಲ್ಲಿ ಕೂತು ಇಬ್ಬರೂ ಡಾಕ್ಟರು ಹೇಳಿದ್ದನ್ನೆಲ್ಲ ನಿಧಾನವಾಗಿ ಹೇಳಿದ. ಕೇಳುತ್ತ ಕೇಳುತ್ತ ಅವಳ ಮುಖ ಬಾಡಿತು. ಅವಳ ತಮ್ಮ ಧೂಳಪ್ಪ ಎರಡು ಮದುವೆಯಾಗಿದ್ದ. ಎರಡರಲ್ಲೂ ಮಕ್ಕಳಾಗಿರಲಿಲ್ಲ. ಮೊದಲ ಹೆಂಡತಿ ನೀಲಾಬಾಯಿಯನ್ನು ಬಂಜೆಯೆಂದು ತವರಿಗೆ ಅಟ್ಟಿದ್ದರು.

"ನನ್ನ ತಮ್ಮಗೂ ಹಿಂಗ ಇತ್ತೇನೋ? ನನ್ನಿಂದ ನಿನಗ ಬಂತೇನೋ?"

"ಇರಬಹುದವ್ವಾ. ಅದು ನಿನ್ನ ಕೈಯಾಗ ಇತ್ತೇನು? ಮಾವನ ತಪ್ಪೂ ಅಲ್ಲ. ಆದರ ನೀಲಾಬಾಯಿ ಅತ್ತಿನ್ನ ಅಟ್ಟಿದ್ದು ತಪ್ಪು."

ಕರಿ ಟಗರನ್ನು ಕೊಳ್ಳಲು ಬಂದವರಿಗೆಲ್ಲ ಕಾಮಣ್ಣ ಅದರ ಕುಂದನ್ನು ಮೊದಲೇ ಹೇಳಿದ. ಇನ್ನೊಬ್ಬರ ಹಿಂಡಿಗೆ ಅದನ್ನು ಬಿಡಲು ಅವನ ಮನಸ್ಸು ಒಪ್ಪಲಿಲ್ಲ. ಕೊನೆಯವರೆಗೂ ತಾನೇ ಸಾಕಿದ. ಬೇರೆ ಟಗರು ಬಂದ ಮೇಲೆ ಅದೇ ಕುರಿಗಳು ಮರಿ ಹಾಕಿದವು. ಮಕ್ಕಳಿಲ್ಲದ ಗಂಡಸರು ಅವನ ಹತ್ತಿರ ಬಂದು ಗುಟ್ಟಾಗಿ ಮಾತಾಡುತ್ತಿದ್ದರು. ಅವನೇ ಜೊತೆಗೆ ಸೊಲ್ಲಾಪುರಕ್ಕೆ ಹೋಗುತ್ತಿದ್ದ.

ಹೆಣ್ಣಿನ ತಂದೆ ಬಂದುಹೋದ ಆ ವರ್ಷವೇ ಸುಗ್ಗಿ ಮುಗಿದ ಮೇಲೆ ಮುಕ್ತಾಬಾಯಿ ಮಗನನ್ನು ಕರೆದುಕೊಂಡು ನೀಲಾಬಾಯಿಯ ತವರಿಗೆ ಹೋದಳು. ಹೊಸ್ತಿಲ ಹೊರಗೇ ನಿಂತು ಬಹಳ ಹೊತ್ತು ಅತ್ತಳು. ಒಳಗಿಂದ ನೀಲಾಬಾಯಿ ಒಂದು ತಂಬಿಗೆ ನೀರು ತಂದು ಅವಳ ಕೈಗೆ ಕೊಟ್ಟಳು.