ಉಮ್ಕಲ್ ಎಂಬ ಬಿರುದು

ಮೂವತ್ತು ವರ್ಷ ಆಸ್ಪತ್ರೆಯ ಔಷಧಾಲಯದಲ್ಲಿ ಡಾಕ್ಟರುಗಳ ಅಕ್ಷರ ಓದಿ ನಿವೃತ್ತಳಾದವಳು ನಾನು. ಆ ಒಂದೇ ಅರ್ಹತೆಯನ್ನು ನಂಬಿ, ವಿಲಾಯತಿಯ ರೇನರ್ಸ್ ಲೇನ್ ಬಡಾವಣೆಯ ನಮ್ಮ ಪಕ್ಕದ ಮನೆಯ ಸ್ಕಾಟ್ಲೆಂಡಿನ ಹಿರಿಯರು ಒಂದು ಮಧ್ಯಾಹ್ನ ಬಿಸ್ಕತ್ತಿನ ಡಬ್ಬಿ ಹಿಡಿದು ಬಂದರು. ಒಳಗೆ ಅವರ ಪೂರ್ವಜರ ಜಮೀನಿನ ಪತ್ರಗಳಿದ್ದವು. ಶತಮಾನಗಳಷ್ಟು ಹಳೆಯ ಕೈಬರಹ.

ಭೂತಗನ್ನಡಿ ಹಿಡಿದು ಊಟದ ಮೇಜಿನ ಮೇಲೆ ಹತ್ತು ದಿನ ಕೂತೆವು. 'ವೈ'ಯಂತೆ ಕಾಣುವುದನ್ನು 'ಟಿ-ಎಚ್' ಎಂದು ಓದಬೇಕೆನ್ನುವುದು ತಿಳಿಯಲಿಕ್ಕೇ ಮೂರು ದಿನ ಹಿಡಿಯಿತು. ಆದರೆ ಗಂಡಸರ ಹೆಸರುಗಳಿಗೆ ಮೊದಲು ಬರುತ್ತಿದ್ದ ಒಂದು ಪದ ಮಾತ್ರ ಬಗ್ಗಲಿಲ್ಲ. ಯು, ಎಂ, ಕ್ಯು, ಎಲ್, ಇ. ಮೇಲೊಂದು ಬಳುಕು ಗೆರೆ. ನಾವದನ್ನು 'ಉಮ್ಕಲ್' ಎಂದು ಓದಿಕೊಂಡೆವು.

ಶೇಂಗಾ ಸುಲಿಯುತ್ತಿದ್ದ ನನ್ನ ಗಂಡ ತಲೆ ಎತ್ತಿ, "ನಮ್ಮ ಕಡೆ ದೇಸಾಯಿ, ಇನಾಮದಾರ ಅಂತಾರಲ್ಲ, ಹಂಗ ಬಿರುದು ಇರಬೇಕ ನೋಡು. ಅಪ್ಪಗೂ ಐತಿ, ಅಜ್ಜಗೂ ಐತಿ" ಎಂದರು.

ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಹಿರಿಯರ ಬೆನ್ನು ನೆಟ್ಟಗಾಯಿತು. "ನನಗೆ ಮೊದಲಿಂದಲೂ ಅನುಮಾನ ಇತ್ತು" ಎಂದರು.

ಮುಂದಿನ ವಾರ ಅವರ ಬಾಗಿಲಿಗೆ ಹಿತ್ತಾಳೆಯ ಫಲಕ ಬಂತು: ಉಮ್ಕಲ್, ಆಮೇಲೆ ಅವರ ಹೆಸರು. ಜಿಪಿ ಕ್ಲಿನಿಕ್ಕಿನ ರಿಸೆಪ್ಶನಿಸ್ಟ್ ಕೂಡ ಅದನ್ನು ಕಂಪ್ಯೂಟರಿನಲ್ಲಿ ಸೇರಿಸಿಕೊಂಡಳು. ಬಿರುದು ತಮಗೇ ಸಲ್ಲುತ್ತದೆಯೇ ಎಂದು ಕೇಳಿ ಅವರು ಎಡಿನ್‌ಬರೋದ ಒಂದು ದಾಖಲೆ ಕಚೇರಿಗೆ ಪತ್ರ ಬರೆದರು. ಸಹಿಯನ್ನೂ ಬಿರುದು ಸಮೇತವೇ ಹಾಕಿದರು.

ಉತ್ತರ ಅವರ ಹೆಂಡತಿಯ ಹೆಸರಿಗೆ ಬಂತು. ಆಕೆ ಅದನ್ನು ನೇರವಾಗಿ ನನ್ನ ಕೈಗೆ ತಂದುಕೊಟ್ಟರು. 'ನಿಮ್ಮ ಪತಿಯ ಸಹಿಯಲ್ಲಿ ಹೆಸರಿಗೆ ಮೊದಲಿರುವ ಪದದ ಅರ್ಥ ದಿವಂಗತ. ಅವರು ಬದುಕಿದ್ದರೆ ದಯವಿಟ್ಟು ನಮ್ಮ ಸಂತಾಪವನ್ನು ಕಡೆಗಣಿಸಿ.'

ನಾಚಿಕೆಯಿಂದ ಕುಗ್ಗಿಹೋದೆ. ಕ್ಷಮೆ ಕೇಳಲು ಹೋದಾಗ ಹಿರಿಯರು ಗುಲಾಬಿ ಕತ್ತರಿಸುತ್ತಿದ್ದರು. ಪತ್ರವನ್ನು ಎರಡು ಸಲ ಓದಿದರು.

"ಹಾಗಾದರೆ ಎಲ್ಲರೂ ಸತ್ತವರೇನಾ?"

"ಜಮೀನಿನ ಪತ್ರ ಬರೆಯುವ ಹೊತ್ತಿಗೆ, ಹೌದು."

"ಒಬ್ಬರೂ ಉಳಿದಿರಲಿಲ್ಲವಾ?"

"ಸಾಕ್ಷಿಗಳಿಬ್ಬರು ಇದ್ದರು."

ಅದರಿಂದ ಅವರಿಗೆ ಸ್ವಲ್ಪ ಸಮಾಧಾನವಾದಂತೆ ಕಂಡಿತು.

ಫಲಕ ಆ ಸಂಜೆಯೇ ಇಳಿಯಿತು. ಜಿಪಿ ಕಡೆಯದು ಅಷ್ಟು ಸುಲಭವಾಗಲಿಲ್ಲ. ಹೆಸರು ಬದಲಿಸಲು ದಾಖಲೆ ಬೇಕೆಂದರು. ಇವರು ಅದೇ ಪತ್ರ ಕೊಟ್ಟರು. ರಿಸೆಪ್ಶನಿಸ್ಟ್ ಓದಿ, ಇವರ ಮುಖ ನೋಡಿ, ಮತ್ತೆ ಓದಿದಳು. ಆಮೇಲೆ ಜೊತೆಗೆ ಬಂದಿದ್ದ ನನ್ನ ಕಡೆ ತಿರುಗಿದಳು.

"ನೀವು ಇವರಿಗೆ ಏನಾಗಬೇಕು?"

ನಾನು ಬಾಯಿ ತೆರೆಯುವ ಮೊದಲೇ ಹಿರಿಯರು, "ನನ್ನನ್ನು ಕೊಂದವರೇ ಇವರು" ಎಂದರು.

ಅವಳು ನಗಲಿಲ್ಲ. ಬಿರುದನ್ನು ಅಳಿಸಿದಳು. ನಾವಿಬ್ಬರೂ ಹೊರಬಂದು, ಅಂಗಡಿಯಲ್ಲಿ ಕೊತ್ತಂಬರಿ ತೆಗೆದುಕೊಂಡು ಮನೆಗೆ ನಡೆದೆವು.